ಅಕೌಂಟ್ ತೆರೆದುಕೊಡುವ ಮೊದಲು ಲಾಗ್ ಓದಬೇಕು

ಬೆಂಗಳೂರಿನ ಹೊರವರ್ತುಲ ರಸ್ತೆಯ ಕಂಪನಿಯೊಂದರಲ್ಲಿ ನೌಕರರ ಪ್ರವೇಶಾಧಿಕಾರ ಮತ್ತು ಅದರ ಭದ್ರತೆಯನ್ನು ನೋಡಿಕೊಳ್ಳುವ ತಂಡದಲ್ಲಿ ನಾನು ಕೆಲಸ ಮಾಡುತ್ತೇನೆ. ನಮಗೆ ಬರುವ ಟಿಕೆಟ್‌ಗಳಲ್ಲಿ, ಅಂದರೆ ನೌಕರರು ದಾಖಲಿಸುವ ದೂರುಗಳಲ್ಲಿ, ಬಹುಪಾಲಿನ ಒಕ್ಕಣೆ ಒಂದೇ: "ಲಾಗಿನ್ ಆಗುತ್ತಿಲ್ಲ." ಇದಕ್ಕೆ ಹೆಲ್ಪ್‌ಡೆಸ್ಕ್‌ಗಳು ರೂಢಿಯಿಂದ ಕೊಡುವ ಮದ್ದೂ ಒಂದೇ, ಪಾಸ್‌ವರ್ಡ್ ರೀಸೆಟ್. ಕಾರಣ ತಿಳಿಯದೆ ಮಾಡುವ ರೀಸೆಟ್ ಎಷ್ಟೋ ಸಲ ತೊಂದರೆಯನ್ನು ಬೆಳೆಸುತ್ತದೆ, ಕೆಲವು ಸಲ ಕಳ್ಳನಿಗೆ ಬಾಗಿಲನ್ನೇ ತೆರೆದುಕೊಡುತ್ತದೆ ಎಂಬುದನ್ನು ಈ ಕೆಲಸದಲ್ಲಿ ಕಂಡಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ಪಾಸ್‌ವರ್ಡ್ ತಪ್ಪಾಗಿದ್ದರೂ, ಆ ಹೆಸರಿನ ಅಕೌಂಟೇ ಇಲ್ಲದಿದ್ದರೂ ಪರದೆಯ ಮೇಲೆ ಕಾಣುವ ಸಾಲು ಒಂದೇ. ಅದು ಬೇಕೆಂದೇ ಮಾಡಿದ ವ್ಯವಸ್ಥೆ, ಏಕೆಂದರೆ ಯಾವುದು ತಪ್ಪು ಎಂದು ಬಿಡಿಸಿ ಹೇಳಿದರೆ ಊಹಿಸುತ್ತ ಕೂತವನಿಗೆ ಸುಳಿವು ಸಿಗುತ್ತದೆ. ಆದರೆ ವ್ಯವಸ್ಥೆ ತಾನೇ ಒಳಗೆ ಬರೆದಿಡುವ ದಾಖಲೆಯಾದ ಲಾಗ್ ಎಲ್ಲವನ್ನೂ ಬಿಡಿಸಿಯೇ ಬರೆದಿರುತ್ತದೆ. ವಿಂಡೋಸ್‌ನಲ್ಲಿ ವಿಫಲವಾದ ಲಾಗಿನ್ 4625 ಎಂಬ ಸಂಖ್ಯೆಯಡಿ ದಾಖಲಾಗುತ್ತದೆ. ಅದರೊಳಗಿನ ಉಪಸಂಕೇತ 6ಎ ಎಂದು ಮುಗಿದರೆ ಪಾಸ್‌ವರ್ಡ್ ತಪ್ಪು, 64 ಎಂದಿದ್ದರೆ ಆ ಹೆಸರಿನ ಬಳಕೆದಾರರೇ ಇಲ್ಲ, 71 ಎಂದಿದ್ದರೆ ಪಾಸ್‌ವರ್ಡ್‌ನ ಅವಧಿ ಮುಗಿದಿದೆ, 72 ಎಂದಿದ್ದರೆ ಅಕೌಂಟನ್ನು ನಿಷ್ಕ್ರಿಯಗೊಳಿಸಲಾಗಿದೆ, 234 ಎಂದಿದ್ದರೆ ತಪ್ಪು ಪ್ರಯತ್ನಗಳು ಮಿತಿ ಮುಟ್ಟಿ ಅದು ಲಾಕ್ ಆಗಿದೆ. ಈ ಐದರಲ್ಲಿ ರೀಸೆಟ್‌ನಿಂದ ನೇರವಾಗಿ ಬಗೆಹರಿಯುವುದು ಎರಡೇ.

ಪದೇ ಪದೇ ಲಾಕ್ ಆಗುವ ಅಕೌಂಟ್‌ನ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಜಿಎಸ್‌ಟಿ ರಿಟರ್ನ್ ಸಲ್ಲಿಸುವ 20ನೇ ತಾರೀಖು ಹತ್ತಿರವಾಗಿದ್ದಾಗ ಹಣಕಾಸು ವಿಭಾಗದ ಹಿರಿಯ ಸಹೋದ್ಯೋಗಿಯೊಬ್ಬರು ನಮ್ಮ ಬಳಿ ಬಂದರು. "ಸರ್, ನಾನು ತಪ್ಪು ಟೈಪ್ ಮಾಡುತ್ತಲೇ ಇಲ್ಲ. ತೆರೆದುಕೊಟ್ಟ ಸ್ವಲ್ಪ ಹೊತ್ತಿಗೆ ಮತ್ತೆ ಲಾಕ್ ಆಗುತ್ತದೆ" ಎಂದರು. ಅವರ ಟಿಕೆಟ್‌ನಲ್ಲಿ ಅದಾಗಲೇ ಒಂದರ ಮೇಲೊಂದು ರೀಸೆಟ್‌ಗಳಾಗಿದ್ದವು. ಅಕೌಂಟ್ ಲಾಕ್ ಆದಾಗ, ಕಂಪನಿಯ ಲಾಗಿನ್‌ಗಳನ್ನು ಪರಿಶೀಲಿಸುವ ಸರ್ವರ್ ಆದ ಡೊಮೈನ್ ಕಂಟ್ರೋಲರ್‌ನಲ್ಲಿ 4740 ಎಂಬ ದಾಖಲೆ ಮೂಡುತ್ತದೆ. ತಪ್ಪು ಪಾಸ್‌ವರ್ಡ್ ಯಾವ ಯಂತ್ರದಿಂದ ಬಂತು ಎಂಬ ಹೆಸರೂ ಅದರಲ್ಲಿರುತ್ತದೆ. ಅಲ್ಲಿದ್ದದ್ದು ಅವರ ಲ್ಯಾಪ್‌ಟಾಪ್‌ನ ಹೆಸರಲ್ಲ, ಮೇಲಿನ ಮಹಡಿಯ ಮೀಟಿಂಗ್ ಕೋಣೆಯ ಕಂಪ್ಯೂಟರಿನದು. ಹಿಂದೊಮ್ಮೆ ಅವರು ಅಲ್ಲಿ ಲಾಗಿನ್ ಆಗಿ, ಲಾಗೌಟ್ ಮಾಡದೆ ಎದ್ದುಬಂದಿದ್ದರು. ಆ ಸೆಷನ್ ಜೀವಂತವಾಗಿದ್ದು, ಹಂಚಿಕೆಯ ಫೋಲ್ಡರ್‌ಗೆ ಹಳೆಯ ಪಾಸ್‌ವರ್ಡ್ ಹಿಡಿದೇ ಮತ್ತೆ ಮತ್ತೆ ಸಂಪರ್ಕಿಸಲು ಯತ್ನಿಸುತ್ತಿತ್ತು.

ಹಾಗಾದರೆ ಅವರು ಮೊದಲು ಪಾಸ್‌ವರ್ಡ್ ಬದಲಿಸಿದಾಗಲೇ ಲಾಕ್ ಏಕೆ ಆಗಲಿಲ್ಲ? ಉತ್ತರ, ನೌಕರರ ಅಕೌಂಟ್‌ಗಳನ್ನು ನಿರ್ವಹಿಸುವ ಮೈಕ್ರೋಸಾಫ್ಟ್‌ನ ವ್ಯವಸ್ಥೆಯಾದ ಆಕ್ಟಿವ್ ಡೈರೆಕ್ಟರಿಯ ಒಂದು ನಿಯಮದಲ್ಲಿದೆ. ಬಂದ ತಪ್ಪು ಪಾಸ್‌ವರ್ಡ್ ಆ ಅಕೌಂಟ್‌ನ ಪಾಸ್‌ವರ್ಡ್ ಇತಿಹಾಸದ ಕೊನೆಯ ಎರಡರಲ್ಲಿ ಒಂದಾಗಿದ್ದರೆ, ಅದನ್ನು ತಪ್ಪು ಪ್ರಯತ್ನಗಳ ಲೆಕ್ಕಕ್ಕೆ ಸೇರಿಸುವುದಿಲ್ಲ; ಹಳೆಯದನ್ನು ಕೈತಪ್ಪಿ ಟೈಪ್ ಮಾಡುವ ಪ್ರಾಮಾಣಿಕ ನೌಕರರಿಗೆ ಕೊಟ್ಟ ವಿನಾಯಿತಿ ಅದು. ಆದರೆ ಹೆಲ್ಪ್‌ಡೆಸ್ಕ್‌ನವರು ಒಮ್ಮೆ ರೀಸೆಟ್ ಮಾಡಿದರೆ ತಾತ್ಕಾಲಿಕ ಪಾಸ್‌ವರ್ಡ್ ಒಂದು, ನಂತರ ನೌಕರರು ತಾವೇ ಇಡುವುದು ಇನ್ನೊಂದು, ಹೀಗೆ ಇತಿಹಾಸಕ್ಕೆ ಎರಡು ಸೇರುತ್ತವೆ. ರೀಸೆಟ್‌ಗಳು ಹೆಚ್ಚಿದಂತೆ ಮೀಟಿಂಗ್ ಕೋಣೆಯಲ್ಲಿದ್ದ ಹಳೆಯ ಪಾಸ್‌ವರ್ಡ್ ವಿನಾಯಿತಿಯ ಪರಿಧಿಯಿಂದ ಆಚೆ ಹೋಯಿತು, ಅದರ ಪ್ರತಿಯೊಂದು ಯತ್ನವೂ ಲೆಕ್ಕಕ್ಕೆ ಬಂತು. ಪರಿಹಾರವೆಂದು ಮಾಡಿದ್ದೇ ಲಾಕ್ ಆಗುವುದಕ್ಕೆ ಕಾರಣವಾಗಿತ್ತು. ಆ ಕಂಪ್ಯೂಟರಿನ ಸೆಷನ್ ಮುಗಿಸಿದ ಮೇಲೆ ಅಕೌಂಟ್ ಮತ್ತೆ ಲಾಕ್ ಆಗಲಿಲ್ಲ.

ಪಾಸ್‌ವರ್ಡ್ ಸರಿಯಿದ್ದೂ ಪ್ರವೇಶ ಸಿಗದ ಪ್ರಕರಣಗಳು ಬೇರೆಯೇ. 2023ರಲ್ಲಿ ಅಜೂರ್ ಆಕ್ಟಿವ್ ಡೈರೆಕ್ಟರಿ ಎಂಬ ಹೆಸರನ್ನು ಬಿಟ್ಟು ಎಂಟ್ರಾ ಐಡಿ ಆದ ಮೈಕ್ರೋಸಾಫ್ಟ್‌ನ ಕ್ಲೌಡ್ ಲಾಗಿನ್ ಸೇವೆಯಲ್ಲಿ ದೋಷಸಂಖ್ಯೆ 53003 ಕಂಡರೆ, ಕಂಪನಿಯ ಪ್ರವೇಶ ನೀತಿಯೇ ತಡೆದಿದೆ ಎಂದರ್ಥ. ಸಾಧನ ನೋಂದಣಿಯಾಗಿಲ್ಲದಿರಬಹುದು, ಅನುಮತಿಯಿಲ್ಲದ ಸ್ಥಳದಿಂದ ಪ್ರಯತ್ನ ನಡೆದಿರಬಹುದು. ಗಡಿಯಾರವನ್ನೂ ನೋಡಬೇಕು. ಕಂಪನಿಯ ಜಾಲದೊಳಗೆ ಬಳಕೆದಾರರ ಗುರುತನ್ನು ದೃಢಪಡಿಸುವ ಕರ್ಬರೋಸ್ ಪದ್ಧತಿಯಲ್ಲಿ ಕಂಪ್ಯೂಟರಿನ ಸಮಯಕ್ಕೂ ಸರ್ವರ್‌ನ ಸಮಯಕ್ಕೂ 5 ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಸಾಮಾನ್ಯವಾಗಿ ವಿನಂತಿಯನ್ನು ತಿರಸ್ಕರಿಸಲಾಗುತ್ತದೆ. ಮೊಬೈಲ್‌ನ ದೃಢೀಕರಣ ಆ್ಯಪ್ ತೋರಿಸುವ ಸಂಖ್ಯೆಗಳು ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ಬದಲಾಗುವುದರಿಂದ, ಫೋನಿನ ಸಮಯವನ್ನು ಕೈಯಿಂದ ಹೊಂದಿಸಿಕೊಂಡವರಿಗೆ ಅವು ಕೆಲಸಕ್ಕೆ ಬಾರದೆ ಹೋಗಬಹುದು.

ಇನ್ನು ಕರೆ ಮಾಡಿದವರು ಯಾರು ಎಂಬುದು. "ಡೆಡ್‌ಲೈನ್ ಇದೆ, ಬೇಗ ರೀಸೆಟ್ ಮಾಡಿ" ಎನ್ನುವ ಧ್ವನಿ ನಿಜವಾದ ಮ್ಯಾನೇಜರ್‌ರದ್ದೂ ಇರಬಹುದು, ವಂಚಕನದ್ದೂ ಇರಬಹುದು. ಎಚ್‌ಆರ್ ದಾಖಲೆಯಲ್ಲಿರುವ ಸಂಖ್ಯೆಗೆ ನಾವೇ ತಿರುಗಿ ಕರೆ ಮಾಡದೆ ರೀಸೆಟ್ ಮಾಡುವುದಿಲ್ಲ ಎಂಬ ನಿಯಮವನ್ನು ಎಷ್ಟೇ ಒತ್ತಡವಿದ್ದರೂ ಸಡಿಲಿಸಬಾರದು ಎಂಬುದು ನನ್ನ ದೃಢ ಅಭಿಪ್ರಾಯ. ಯಾರ ಪಾಸ್‌ವರ್ಡನ್ನೂ ಯಾವ ಕಾರಣಕ್ಕೂ ಕೇಳಬಾರದು ಎಂಬುದೂ ಅಷ್ಟೇ ಕಟ್ಟುನಿಟ್ಟು.

ಟಿಕೆಟ್‌ಗಳನ್ನು ಬಿಡಿಬಿಡಿಯಾಗಿ ನೋಡಿದಾಗ ತಪ್ಪಿಹೋಗುವುದು ಒಂದೇ ಪಾಸ್‌ವರ್ಡನ್ನು ನೂರಾರು ಅಕೌಂಟ್‌ಗಳ ಮೇಲೆ ಪ್ರಯೋಗಿಸುವ ದಾಳಿ. ದಾಳಿಕೋರ ಪ್ರತಿ ಅಕೌಂಟ್‌ನಲ್ಲಿ ಒಂದೆರಡು ಸಲ ಮಾತ್ರ ಪ್ರಯತ್ನಿಸಿ ಲಾಕ್ ಮಿತಿಯ ಕೆಳಗೇ ಉಳಿಯುತ್ತಾನೆ. ಇದನ್ನು ಹಿಡಿಯಲು ಡೊಮೈನ್ ಕಂಟ್ರೋಲರ್, ವಿಪಿಎನ್ (ಹೊರಗಿನಿಂದ ಕಂಪನಿಯ ಜಾಲಕ್ಕೆ ಸೇರುವ ಸುರಕ್ಷಿತ ದಾರಿ) ಮತ್ತು ಕ್ಲೌಡ್‌ನ ಲಾಗ್‌ಗಳನ್ನು ಒಂದೇ ಕಾಲರೇಖೆಯ ಮೇಲೆ ಕೂಡಿಸಿ ಓದಬೇಕು. ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕು, ಗಡಿಯಾರಗಳನ್ನು ಅಧಿಕೃತ ಸಮಯಕ್ಕೆ ಹೊಂದಿಸಬೇಕು ಎಂದು 2022ರ ಏಪ್ರಿಲ್ 28ರಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಹೊರಡಿಸಿದ ನಿರ್ದೇಶನದ ಬೆಲೆ ಆಗ ತಿಳಿಯುತ್ತದೆ. ಆ ಸಾಲುಗಳಲ್ಲಿ ನಾನು ಮೊದಲು ಹುಡುಕುವುದು ಸೋಲುಗಳನ್ನಲ್ಲ, ಆ ಸೋತ ಪ್ರಯತ್ನಗಳು ಬಂದ ಅದೇ ಇಂಟರ್‌ನೆಟ್ ವಿಳಾಸದಿಂದ ಬಂದು ಯಶಸ್ವಿಯಾದ ಒಂದು ಲಾಗಿನ್ ಇದೆಯೇ ಎಂಬುದನ್ನು. ಇದ್ದರೆ ಆ ಅಕೌಂಟ್‌ನ ಪಾಸ್‌ವರ್ಡ್ ಬದಲಿಸಿದರಷ್ಟೇ ಸಾಲದು. ಹಳೆಯ ಸೆಷನ್‌ಗಳು ಇನ್ನೂ ತೆರೆದಿರಬಹುದಾದ್ದರಿಂದ ಅವೆಲ್ಲವನ್ನೂ ರದ್ದುಮಾಡಿ, ಒಳಗೆ ಬಂದವನು ತನ್ನದೇ ಫೋನನ್ನು ಎರಡನೇ ಹಂತದ ದೃಢೀಕರಣಕ್ಕೆ ಸೇರಿಸಿದ್ದಾನೆಯೇ ಎಂದು ಪರಿಶೀಲಿಸಿದ ಮೇಲೆಯೇ ಅಕೌಂಟನ್ನು ನೌಕರರಿಗೆ ಹಿಂದಿರುಗಿಸುತ್ತೇವೆ.