ಮರಗಪ್ಪೆ ತೋರಿಸುವ ಕೆಲಸ: ಮೃಗಶಿರದಿಂದ ಪುಷ್ಯದವರೆಗೆ

ಮೃಗಶಿರ ಮಳೆ

ಜಾಗ ಗೊತ್ತಾಯಿತು: ಆಗುಂಬೆ ಸೀಮೆಯ ಅಡಿಕೆ ತೋಟದ ಮನೆ, ಹಿತ್ತಲಲ್ಲಿ ಕಾಡಿಗೆ ತಾಗಿದ ನೀರಿನ ತೊಟ್ಟಿ. 4ರಿಂದ 6 ವರ್ಷದ ಮಕ್ಕಳನ್ನು ರಾತ್ರಿ ಕಾಡಿನೊಳಗೆ ನಡೆಸುವ ಅಗತ್ಯವೇ ಇಲ್ಲ. ಮಲಬಾರ್ ಹಾರುಕಪ್ಪೆ ಎಂಬ ಮರಗಪ್ಪೆ ಮೊಟ್ಟೆಯಿಡಲು ನಿಂತ ನೀರಿನ ಮೇಲೆ ಬಾಗಿದ ಕೊಂಬೆ ಹುಡುಕಿಕೊಂಡು ತಾನೇ ಬರುತ್ತದೆ. ಆ ಕೊಂಬೆ ಕತ್ತರಿಸಬಾರದು, ತೊಟ್ಟಿಗೆ ಬ್ಲೀಚಿಂಗ್ ಪುಡಿ ಹಾಕಬಾರದು. ಸೊಳ್ಳೆಗೆಂದು ಗಪ್ಪಿ ಮೀನು ಬಿಟ್ಟಿರುವ ತೊಟ್ಟಿಯೂ ಬೇಡ, ಗೊದಮೊಟ್ಟೆಗಳನ್ನು ತಿಂದುಹಾಕುತ್ತವೆ.

ಮಕ್ಕಳ ಕೈ ಸುಮ್ಮನಿರುವುದಿಲ್ಲ. ಆದರೆ ಕಪ್ಪೆ ಚರ್ಮದಿಂದಲೇ ನೀರು ಹೀರುತ್ತದೆ, ಕೈಯ ಸೋಪು, ಸೊಳ್ಳೆ ಕ್ರೀಮು ಎಲ್ಲ ಒಳಗಿಳಿಯುತ್ತವೆ. ಮುಟ್ಟುವ ಆಸೆಗೆ ಬೇರೆ ದಾರಿ ಕೊಟ್ಟೆವು. ಹಾಲಿನ ಪ್ಯಾಕೆಟ್ಟಿನಿಂದ 2 ಸೆಂ.ಮೀ. ಬಿಲ್ಲೆ ಕತ್ತರಿಸಿ ಸ್ಟೀಲ್ ತಟ್ಟೆಗೆ ಅಂಟಿಸುವುದು. ಒಣಗಿದ್ದರೆ ಜಾರುತ್ತದೆ, ಒಂದು ಹನಿ ನೀರು ಸವರಿದರೆ ತಟ್ಟೆ ನಿಲ್ಲಿಸಿದರೂ ಕಚ್ಚಿಕೊಳ್ಳುತ್ತದೆ, ನೀರು ಹೆಚ್ಚಾದರೆ ಮತ್ತೆ ಜಾರುತ್ತದೆ. ಕಪ್ಪೆಯ ಬೆರಳ ತುದಿಯ ಬಿಲ್ಲೆ ಎಲೆಗೆ ಅಂಟುವುದೂ ಹೀಗೆ ತೆಳುವಾದ ಒದ್ದೆಯಿಂದಲೇ.

ಆರಿದ್ರಾ ಮಳೆ

ಮೊದಲ ಸಂಜೆ, 7ರಿಂದ 7:40. ಮಕ್ಕಳು 5, ದೊಡ್ಡವರು 3. ಬಿಳಿ ಟಾರ್ಚ್ ನೇರ ಹಾಯಿಸಿದ್ದೇ ಕಪ್ಪೆಗಳ ಕೂಗು ನಿಂತುಹೋಯಿತು. ಮರುದಿನ ಟಾರ್ಚಿಗೆ ಎರಡು ಪದರ ಕೆಂಪು ಜಿಲೇಟಿನ್ ಕಾಗದ, ರಬ್ಬರ್ ಬ್ಯಾಂಡು. ತೊಟ್ಟಿಯ ಹತ್ತಿರ ದೀಪ ಆರಿಸಿ, ಮಕ್ಕಳೇ ಬೆರಳು ಮಡಚುತ್ತ 100 ಎಣಿಸಬೇಕು. ಈ ವಯಸ್ಸಿಗೆ ಅದಕ್ಕಿಂತ ಹೆಚ್ಚು ಮೌನ ಕೇಳುವುದು ಅನ್ಯಾಯ.

ಉಂಬಳಕ್ಕೆ (ಕಾಡಿನ ಜಿಗಣೆಗೆ) ಉಪ್ಪು, ಸುಣ್ಣ ಬೇಡ, ಉದುರಿದ್ದು ಕಪ್ಪೆಗೂ ಸುಡುತ್ತದೆ. ಗಂಬೂಟು, ಒಳಗೆ ಮೊಣಕಾಲವರೆಗಿನ ಒತ್ತುನೇಯ್ಗೆಯ ಕಾಲುಚೀಲ ಸಾಕು. ವಿಷದ ಗುಳಿಮಂಡಲ ಹಾವು ಕೂರುವುದೂ ಮಕ್ಕಳ ಮುಖದೆತ್ತರದ ಪೊದೆಯಲ್ಲೇ. ಮುಂದೆ ನಡೆಯುವ ದೊಡ್ಡವರು ಎರಡೂ ಬದಿ ನೋಡಿದ ಮೇಲೆಯೇ ಮಕ್ಕಳ ಹೆಜ್ಜೆ.

ಪುನರ್ವಸು

ಹಾರುಕಪ್ಪೆಯ ನೊರೆಗೂಡು ಸಿಕ್ಕಿತು! ಹೆಣ್ಣು ಹಿಂಗಾಲಿನಿಂದ ಕಡೆದು ಕಡೆದು ಎಬ್ಬಿಸಿದ ನೊರೆ, ಸುತ್ತ ಎಲೆ ಅಂಟಿಕೊಂಡಿದೆ. ಹೊರಗೆ ಒಣಗಿ ಗಟ್ಟಿಯಾಗುತ್ತದೆ, ಒಳಗೆ ಮೊಟ್ಟೆಗಳು ಒದ್ದೆಯಾಗಿಯೇ ಇರುತ್ತವೆ. ಮರಿಯಾದ ಮೇಲೆ ಜೋರು ಮಳೆಗೆ ಕೆಳತುದಿ ಕರಗಿ, ಗೊದಮೊಟ್ಟೆಗಳು ತೊಟಕ್ ತೊಟಕ್ ಎಂದು ನೀರಿಗೆ ಬೀಳುತ್ತವೆ. ಒಂದು ಮಗು ಅದನ್ನು "ಕಪ್ಪೆ ಮಳೆ" ಎಂದಿತು. ಇದಕ್ಕಿಂತ ಸರಿಯಾದ ಹೆಸರು ನಮಗೂ ಹೊಳೆಯಲಿಲ್ಲ. ನೋಡಲು ಹಗಲೇ ಒಳ್ಳೆಯದು, ಎರಡು ಮಾರು ದೂರದಿಂದ. ಕೊಂಬೆ ಬಗ್ಗಿಸಿದರೆ ಗೂಡು ನೀರು ತಪ್ಪಿ ನೆಲದ ಮೇಲಾಗುತ್ತದೆ, ಬಿದ್ದ ಮರಿಗಳೆಲ್ಲ ಸಾಯುತ್ತವೆ.

ಪುಷ್ಯ

ಗೊದಮೊಟ್ಟೆಯಿಂದಲೇ ಕಪ್ಪೆ ಎಂದು ಮಕ್ಕಳು ಪಾಠ ಒಪ್ಪಿಸುತ್ತಿರುವಾಗ ಪೊದೆಗಪ್ಪೆ ತೋರಿಸಬೇಕು. ಹೆಬ್ಬೆರಳ ಉಗುರಿನಷ್ಟೇ ಇರುವ ಈ ಪುಟ್ಟವಕ್ಕೆ ಗೊದಮೊಟ್ಟೆಯ ಹಂತವೇ ಇಲ್ಲ, ಮೊಟ್ಟೆಯೊಡೆದು ನೇರ ಕಪ್ಪೆಮರಿ ಬರುತ್ತದೆ. ಹುಡುಕುವ ಕಷ್ಟವೂ ಇಲ್ಲ: ಜಗಲಿಯ ದೀಪಕ್ಕೆ ಹುಳು ಬಂದರೆ ಕಪ್ಪೆಗಳೂ ಕಿಟಕಿ ಗಾಜಿಗೆ ಬರುತ್ತವೆ. ಒಳಗಿನಿಂದ ಮೂಗು ತಾಗಿಸಿ ನೋಡಿದರೆ ಬೆರಳ ಬಿಲ್ಲೆ, ಹೊಟ್ಟೆಯ ಬಡಿತ, ಹುಳು ನುಂಗುವಾಗ ಕಣ್ಣು ಒಳಗೆಳೆದುಕೊಳ್ಳುವುದು ಎಲ್ಲ ಕಾಣುತ್ತದೆ.

ಆಶ್ಲೇಷಾಕ್ಕೆ ಬಾಕಿ: ಗಾಜಿನ ಒಳಮೈ ಒರೆಸಿಡುವುದು, ಮಕ್ಕಳೆತ್ತರಕ್ಕೆ ಒಂದು ಮಣೆ.