ಅವ್ವ ಹೋದ ಮೂವತ್ತೊಂದನೆಯ ದಿನ ಬೈಲಕುಪ್ಪೆಯಲ್ಲಿ: ಹೋಗುವವರಿಗೆ ಕೆಲವು ಮಾತು

ಕೊಡಗಿಗೆ ಹೋಗುವ ದಾರಿಯಲ್ಲಿ ಅರ್ಧ ಗಂಟೆ ಇಳಿದು ಟಿಬೆಟನ್ ನಿರಾಶ್ರಿತರ ನೆಲೆಯಾದ ಬೈಲಕುಪ್ಪೆಯ ಬೌದ್ಧ ಸ್ವರ್ಣ ಮಂದಿರವನ್ನು ನೋಡಿ ಬರುವವರಿಗಾಗಿ ನಾನು ಇದನ್ನು ಬರೆಯುತ್ತಿಲ್ಲ. ಮನೆಯಲ್ಲಿ ಸಾವಾಗಿ, ಅದರ ಬೆನ್ನಿಗೇ ಜಗಳವೂ ಬಂದು, ಎಲ್ಲಾದರೂ ಹೋಗಿ ನಾಲ್ಕು ದಿನ ಸುಮ್ಮನೆ ಕುಳಿತಿರಬೇಕು ಎನ್ನಿಸಿದವರಿಗಾಗಿ ಬರೆಯುತ್ತಿದ್ದೇನೆ. ನಮ್ಮವ್ವನ ತಿಥಿಯ ದಿನ ಊಟದ ಎಲೆ ಎತ್ತುವ ಮೊದಲೇ ತೋಟದ ಪಾಲಿನ ಮಾತು ಎದ್ದಿತು. ಅಂದಿನಿಂದ ದೊಡ್ಡಣ್ಣನಿಗೂ ನನಗೂ ಮಾತು ನಿಂತಿತು. ಹನ್ನೊಂದು ದಿನಕ್ಕೆ ಅವ್ವನ ವಿಷಯ ಎಲ್ಲರಿಗೂ ಮುಗಿದೇ ಹೋಗಿತ್ತು. ಮೂವತ್ತೊಂದನೆಯ ದಿನ, ಒಂದು ಬುಧವಾರ, ನಾನು ಒಬ್ಬಳೇ ಮೈಸೂರಿಗೆ ಬಂದು ಕುಶಾಲನಗರದ ಕಡೆಯ ಬಸ್ಸು ಹತ್ತಿದೆ.

ಮೊದಲ ತೊಂದರೆ ಬಸ್ಸಿನಲ್ಲಿಯೇ ಆಯಿತು. ಹುಣಸೂರು, ಪಿರಿಯಾಪಟ್ಟಣ ದಾಟಿದ ಮೇಲೆ, ಕಾವೇರಿ ಸೇತುವೆಗೆ ಮುಂಚೆ ಸಿಗುವ ಕೊಪ್ಪದಲ್ಲಿ ಇಳಿದರೆ ಮಂದಿರ ಹತ್ತಿರ. ನಾನು ಇದನ್ನು ಕಂಡಕ್ಟರಿಗೆ ತಡವಾಗಿ ಹೇಳಿದ್ದರಿಂದ ಬಸ್ಸು ಅಲ್ಲಿ ನಿಲ್ಲದೆ ಹೊಳೆ ದಾಟಿಬಿಟ್ಟಿತು. ಕುಶಾಲನಗರದಿಂದ ಹಿಂದಕ್ಕೆ ಬರಲು ಹತ್ತಿದ ಆಟೊದ ಚಾಲಕನಿಗೆ ನನ್ನ ಮುಖ ನೋಡಿಯೇ ವಿಷಯ ತಿಳಿದಿರಬೇಕು. ತೀರಿಕೊಂಡವರ ಹೆಸರಿನಲ್ಲಿ ವಿಶೇಷ ಶಾಂತಿಪೂಜೆಯನ್ನು ತನ್ನ ಪರಿಚಯದವರಿಂದ ಮಾಡಿಸಿಕೊಡುತ್ತೇನೆಂದು ಹೇಳಿ, ಎರಡೂವರೆ ಸಾವಿರ ರೂಪಾಯಿಯನ್ನು ಮುಂಗಡವಾಗಿಯೇ ತೆಗೆದುಕೊಂಡ. ಆಮೇಲೆ ಅವನು ಕಾಣಲಿಲ್ಲ. ದುಃಖದಲ್ಲಿರುವವರು ಇಂಥದ್ದಕ್ಕೆ ಬೇಗ ಕೈಚಾಚುತ್ತಾರೆಂಬುದು ಈ ಜನರಿಗೆ ಗೊತ್ತು. ದಯವಿಟ್ಟು ಯಾರಿಗೂ ದಾರಿಯಲ್ಲಿ ಹಣ ಕೊಡಬೇಡಿ. ವಿಹಾರದೊಳಗೆ ನೇರವಾಗಿ ಭಿಕ್ಷುಗಳನ್ನೇ ಕೇಳಿ; ನಾನು ಮರುದಿನ ಹಾಗೆ ಕೇಳಿ, ಒಂದು ಚೀಟಿಯಲ್ಲಿ ಅವ್ವನ ಹೆಸರು ಬರೆದುಕೊಟ್ಟು, ನನ್ನ ಕೈಲಾದಷ್ಟು ಕಾಣಿಕೆ ಹಾಕಿ ದೀಪ ಹಚ್ಚಿದೆ. ಇಷ್ಟೇ ಕೊಡಬೇಕೆಂದು ಯಾರೂ ಹೇಳಲಿಲ್ಲ.

ಎರಡನೆಯ ತಪ್ಪು ವಸತಿಯದು. ಪೇಟೆಯ ಒಂದು ಲಾಡ್ಜಿನಲ್ಲಿ 2,400 ರೂಪಾಯಿ ಕೊಟ್ಟು ಉಳಿದ ಕೋಣೆಯ ಗೋಡೆ ಕೈಯಿಟ್ಟರೆ ಒದ್ದೆಯಾಗುವಷ್ಟು ತೇವ ಹಿಡಿದಿತ್ತು; ಪಕ್ಕದ ಕಟ್ಟಡದ ಧ್ವನಿವರ್ಧಕ ಮಧ್ಯರಾತ್ರಿಯವರೆಗೆ ನಿಲ್ಲಲಿಲ್ಲ. ಮರುದಿನವೇ ಮಠಕ್ಕೆ ಸೇರಿದ ಅತಿಥಿಗೃಹವೊಂದಕ್ಕೆ ಬದಲಾಯಿಸಿದೆ. ಮಂಚ, ಕಂಬಳಿ, ಬಿಸಿನೀರಿನ ಬಕೆಟ್ಟು, ದಿನಕ್ಕೆ 600 ರೂಪಾಯಿ. ರಾತ್ರಿ ಬೇಗ ಬಾಗಿಲು ಹಾಕುತ್ತಾರೆ. ಅದನ್ನು ಒಪ್ಪಿಕೊಳ್ಳುವವರಿಗೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ವಿದೇಶಿ ಪಾಸ್‌ಪೋರ್ಟ್ ಇರುವವರು ಟಿಬೆಟನ್ನರ ಈ ಶಿಬಿರದೊಳಗೆ ರಾತ್ರಿ ತಂಗಬೇಕಾದರೆ ಸಂರಕ್ಷಿತ ಪ್ರದೇಶದ ಪರವಾನಗಿ ಬೇಕು. ಅದಕ್ಕೆ ಬಹಳ ಮೊದಲೇ ಅರ್ಜಿ ಹಾಕಬೇಕು.

ಹಗಲು ಹತ್ತರಿಂದ ಸಂಜೆಯವರೆಗೆ ಮಂದಿರದ ಒಳಗೆ ಬುದ್ಧ, ಟಿಬೆಟ್ಟಿಗೆ ಬೌದ್ಧಧರ್ಮ ಒಯ್ದ ಗುರು ಪದ್ಮಸಂಭವ, ದೀರ್ಘಾಯುಷ್ಯದ ಬುದ್ಧನಾದ ಅಮಿತಾಯು, ಈ ಮೂರು ದೊಡ್ಡ ಚಿನ್ನದ ಬಣ್ಣದ ಮೂರ್ತಿಗಳ ಮುಂದೆ ಫೋನು ಹಿಡಿದವರದೇ ಗದ್ದಲ. ನನಗೆ ಆ ಜನಸಂದಣಿಯನ್ನು ತಡೆದುಕೊಳ್ಳಲಾಗಲಿಲ್ಲ. ಶನಿವಾರ, ಭಾನುವಾರ ಮತ್ತು ದಸರಾ ರಜೆಯಲ್ಲಂತೂ ಹೋಗಲೇಬೇಡಿ. ಬೆಳಗಿನ ಪ್ರಾರ್ಥನೆಯ ಹೊತ್ತಿಗೆ, ಅಪ್ಪಣೆ ಕೇಳಿ, ಗೋಡೆಯ ಬದಿಯಲ್ಲಿ ಕುಳಿತುಕೊಳ್ಳಿ. ಉದ್ದನೆಯ ಕಹಳೆಗಳ ದನಿ ಎದೆಯೊಳಗೇ ನಡುಗುತ್ತದೆ. ಮಂತ್ರದ ನಡುವೆ ಎಳೆಯ ಭಿಕ್ಷುಗಳು ಭಾರವಾದ ಕೆಟಲುಗಳನ್ನು ಹಿಡಿದು ಸಾಲುಗಳ ನಡುವೆ ಓಡುತ್ತ ಚಹಾ ಸುರಿಯುತ್ತಾರೆ. ಪ್ರತಿಯೊಬ್ಬ ಭಿಕ್ಷುವಿನ ಬಳಿ ತನ್ನದೇ ಬಟ್ಟಲಿರುತ್ತದೆ. ನನ್ನ ಬಳಿ ಏನೂ ಇರಲಿಲ್ಲ. ಹತ್ತು ವರ್ಷದ ಹುಡುಗನೊಬ್ಬ ನನ್ನ ಮುಂದೆ ನಿಂತು, ನೀರಿನ ಬಾಟಲಿಯ ಸ್ಟೀಲ್ ಮುಚ್ಚಳವನ್ನು ಕಣ್ಣಿನಲ್ಲಿಯೇ ತೋರಿಸಿ, ಅದನ್ನು ತುಂಬಿಸಿ ಹೋದ. ಅವ್ವ ಹೋದ ಮೇಲೆ ನಾನು ಕೇಳದೆ ನನಗೆ ಯಾರಾದರೂ ಕೊಟ್ಟ ಮೊದಲ ಚಹಾ ಅದು. ನೀವು ಒಂದು ಲೋಟ ಇಟ್ಟುಕೊಂಡು ಹೋಗಿ.

ಊಟದ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಮುಖ್ಯ ರಸ್ತೆಯ ಅಂಗಡಿ ಸಾಲನ್ನು ಬಿಟ್ಟು ಹಿಂದಿನ ಓಣಿಗೆ ಹೋದರೆ, ಬೋರ್ಡೂ ಇಲ್ಲದ, ನಾಲ್ಕು ಮೇಜಿನ ಒಂದು ಹೋಟೆಲಿದೆ. ಅದನ್ನು ನಡೆಸುವ ಅಜ್ಜಿಯನ್ನು ಎಲ್ಲರೂ ಅಮಾಲಾ ಎಂದು ಕರೆಯುತ್ತಾರೆ. ಟಿಬೆಟನ್ ಭಾಷೆಯಲ್ಲಿ ಅಮ್ಮನವರೇ ಎಂದಂತೆ. ಮೂಲಂಗಿ, ಸೊಪ್ಪು, ಕೈಯಲ್ಲಿ ಹರಿದು ಹಾಕಿದ ಹಿಟ್ಟಿನ ತುಂಡುಗಳಿರುವ ಥೆಂಥುಕ್ ಎಂಬ ಸಾರು 80 ರೂಪಾಯಿ. ಹಬೆಯಲ್ಲಿ ಬೇಯಿಸಿದ, ಪದರ ಪದರವಾಗಿ ಬಿಡಿಸಿಕೊಳ್ಳುವ ತಿಂಗ್ಮೊ ಎಂಬ ಬನ್ನನ್ನು ಕೆಂಪು ಮೆಣಸಿನಕಾಯಿಯ ಚಟ್ನಿಯೊಂದಿಗೆ ಕೊಡುತ್ತಾರೆ. ತಿಂಗಳಿನಿಂದ ಅನ್ನ ಗಂಟಲಲ್ಲಿ ಇಳಿಯದಿದ್ದ ನಾನು ಅಲ್ಲಿ ಎರಡು ಬಟ್ಟಲು ಉಂಡೆ. ಥೆಂಥುಕ್ ಸಾರಿಗೆ ಮಾಂಸದ ರಸ ಬಳಸುವುದುಂಟು. ಸಸ್ಯಾಹಾರಿಗಳು ಮೊದಲೇ ಕೇಳಿಕೊಳ್ಳಬೇಕು.

ಎರಡನೆಯ ದಿನ ಅಮಾಲಾ ನನ್ನೆದುರು ಕುಳಿತು, ನಮ್ಮ ಕಡೆಯ ಕನ್ನಡದಲ್ಲಿಯೇ, “ಯಾರು ಹೋದ್ರಮ್ಮಾ?” ಎಂದು ಕೇಳಿದರು. ಹೇಳಿದೆ. “ಎಷ್ಟು ದಿನ ಆಯ್ತು?” ಎಂದರು. ಮೂವತ್ತೆರಡು ಎಂದಾಗ ಬೆರಳು ಮಡಿಚಿ ಎಣಿಸಿ, “ಇನ್ನೂ ಹದಿನೇಳು ದಿನ ಐತೆ” ಎಂದರು. ಸತ್ತವರು ಮತ್ತೆ ಹುಟ್ಟುವವರೆಗಿನ ನಡುವಣ ಸ್ಥಿತಿಯನ್ನು ಅವರು ಬಾರ್ದೊ ಎನ್ನುತ್ತಾರೆ. ಅದು ಹೆಚ್ಚೆಂದರೆ 49 ದಿನ. ಏಳು ದಿನಕ್ಕೊಮ್ಮೆ ಪ್ರಾರ್ಥನೆ ನಡೆಯುತ್ತದೆ. ಆ ಅವಧಿಯಲ್ಲಿ ಮನೆಯವರು ಜಗಳವಾಡಿದರೆ ಹೋಗುತ್ತಿರುವವರಿಗೆ ದಾರಿ ಕಷ್ಟವಾಗುತ್ತದೆ ಎಂದು ಅಮಾಲಾ ಹೇಳಿದರು. ನಮ್ಮ ಮನೆಯ ವಿಷಯವನ್ನು ನಾನು ಅವರಿಗೆ ಹೇಳಿರಲಿಲ್ಲ.

ಅವರ ಮಾತಿಗೆ ತೂಕವಿರುವುದು ಅವರ ಬದುಕಿನಿಂದ. 1959ರ ಬಳಿಕ ಟಿಬೆಟ್ ಬಿಟ್ಟು ಬಂದವರಿಗೆ ಆಗಿನ ಮೈಸೂರು ರಾಜ್ಯ ಸರ್ಕಾರ ಇಲ್ಲಿ ಸುಮಾರು 3,000 ಎಕರೆ ಕಾಡುಭೂಮಿಯನ್ನು ಕೊಟ್ಟಿತು. ಆ ಕಾಡನ್ನು ಕಡಿದು, ಆನೆಗಳ ಭಯದಲ್ಲಿ, ಅಭ್ಯಾಸವಿಲ್ಲದ ಸೆಕೆಯಲ್ಲಿ ಮುಸುಕಿನ ಜೋಳ ಬೆಳೆದವರಲ್ಲಿ ಅಮಾಲಾ ಅವರ ತಂದೆಯೂ ಒಬ್ಬರು; ಹುಟ್ಟಿದ ಊರನ್ನು ಮತ್ತೆ ನೋಡದೆ ಇಲ್ಲಿಯೇ ತೀರಿಕೊಂಡರು. ಟಿಬೆಟನ್ ಧರ್ಮಗುರು ಪೆನೋರ್ ರಿನ್‌ಪೋಚೆಯವರು ನಾಮ್‌ಡ್ರೋಲಿಂಗ್ ಮಠವನ್ನು ಸ್ಥಾಪಿಸಿದ್ದು 1963ರಲ್ಲಿ. ಇಂದು ಜನ ನೋಡಲು ಬರುವ, ಆ ಮಠದ ಚಿನ್ನದ ಮಂದಿರ ಉದ್ಘಾಟನೆಯಾದದ್ದು 1999ರಲ್ಲಿ. ನೆಲೆ ಕಳೆದುಕೊಂಡ ಜನ ನಡುವಿನ ಅಷ್ಟೂ ವರ್ಷ ತಮ್ಮ ಸತ್ತವರಿಗಾಗಿ ದೀಪ ಹಚ್ಚುತ್ತಲೇ ಬಂದಿದ್ದರು ಎಂಬುದನ್ನು ತಿಳಿದುಕೊಂಡೇ ಆ ಮಂದಿರದೊಳಗೆ ಕಾಲಿಡಬೇಕು ಎಂದು ನನಗೆ ಅನ್ನಿಸುತ್ತದೆ.

ಇಲ್ಲಿ ಯಾರೂ ನಿಮಗೆ ಸಮಾಧಾನದ ಉಪದೇಶ ಮಾಡುವುದಿಲ್ಲ. ಅದನ್ನು ನಿರೀಕ್ಷಿಸಿ ಹೋಗಬೇಡಿ. ಸಂಜೆ ಮಣಿಚಕ್ರಗಳನ್ನು, ಎಂದರೆ ಪ್ರಾರ್ಥನೆಯ ಚಕ್ರಗಳನ್ನು, ತಿರುಗಿಸುತ್ತ ಪ್ರದಕ್ಷಿಣೆ ಹೋಗುವ ವೃದ್ಧರ ಹಿಂದೆ, ಬಲಗೈ ಚಕ್ರದ ಕಡೆಗಿರುವಂತೆ, ನಡೆಯುತ್ತಾ ಹೋಗಿ. ಸೆರಾ ಮಠ ಸ್ವಲ್ಪ ದೂರ, ಆಟೊ ಬೇಕು. ಅಂಗಳದಲ್ಲಿ ಭಿಕ್ಷುಗಳು ಚಪ್ಪಾಳೆ ತಟ್ಟಿ ಏರುದನಿಯಲ್ಲಿ ಮಾಡುವ ಧರ್ಮವಾದವನ್ನು ನೋಡಿ. ಅಷ್ಟು ಜೋರಾಗಿ ವಾದ ಮಾಡಿದವರು ಮುಗಿದೊಡನೆ ಹೆಗಲ ಮೇಲೆ ಕೈ ಹಾಕಿಕೊಂಡು ಊಟಕ್ಕೆ ಹೋದದ್ದನ್ನು ನಾನು ಬಹಳ ಹೊತ್ತು ನೋಡಿದೆ.

ಅಕ್ಟೋಬರಿನಿಂದ ಅನೇಕ ಕುಟುಂಬಗಳು ಸ್ವೆಟರ್ ವ್ಯಾಪಾರಕ್ಕೆ ಬೇರೆ ಊರುಗಳಿಗೆ ಹೋಗುವುದರಿಂದ ಸಣ್ಣ ಹೋಟೆಲುಗಳು ಮುಚ್ಚಿರಬಹುದು. ಫೆಬ್ರುವರಿ, ಮಾರ್ಚ್ ಹೊತ್ತಿಗೆ ಬರುವ ಲೋಸರ್ ಹೊಸವರ್ಷದಲ್ಲಿ ಎಲ್ಲರೂ ಮನೆಯಲ್ಲಿರುತ್ತಾರೆ, ಆದರೆ ಕೋಣೆ ಸಿಗುವುದು ಕಷ್ಟ.

ಹೊರಡುವ ದಿನ ಬೆಳಿಗ್ಗೆ ದೊಡ್ಡಣ್ಣನಿಗೆ ಫೋನು ಮಾಡಿ 49ನೆಯ ದಿನದ ವಿಷಯವನ್ನು ಹೇಳಿದೆ. ಅವನು ತೋಟದ ಮಾತೆತ್ತಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಎಲ್ಲಿ ಇಳೀಬೇಕು?” ಎಂದು ಕೇಳಿದ. ಕೊಪ್ಪ, ಸೇತುವೆಗೆ ಮುಂಚೆ, ಟಿಕೆಟ್ ತೆಗೆದುಕೊಳ್ಳುವಾಗಲೇ ಕಂಡಕ್ಟರಿಗೆ ಹೇಳಿಬಿಡಣ್ಣಾ ಎಂದೆ.