ಎಲ್ಕ್ ಪ್ರೇರಿಯಲ್ಲಿ ಹತ್ತು ವಾರ: 22 ಅಡಿ ಮನೆ, 75 ಊಟದ ಮೇಜು

ಮೇ, ಮೊದಲ ವಾರ

ಟ್ರೇಲರನ್ನು ಹಿಂದಕ್ಕೆ ತೆಗೆದು, ಮಟ್ಟ ನೋಡಿ, ಚಕ್ರಗಳಿಗೆ ಅಡೆ ಕೊಟ್ಟು ಮುಗಿಸುವಷ್ಟರಲ್ಲಿ ಸಂಜೆ ಆರಾಗಿತ್ತು. ನೆಲ ವಾಲಿದ್ದರೆ ನಮ್ಮ ಗ್ಯಾಸ್ ಫ್ರಿಜ್ ಸರಿಯಾಗಿ ತಣ್ಣಗಾಗುವುದಿಲ್ಲ. ಹಾಗಾಗಿ ಮಟ್ಟಕ್ಕೇ ಒಂದು ಗಂಟೆ ಹೋಯಿತು. ಇನ್ನು ಸೆಪ್ಟೆಂಬರ್‌ವರೆಗೆ ಈ 22 ಅಡಿಯೇ ನಮ್ಮ ಮನೆ.

ಉತ್ತರ ಕ್ಯಾಲಿಫೋರ್ನಿಯಾದ ಪ್ರೇರಿ ಕ್ರೀಕ್ ರೆಡ್‌ವುಡ್ಸ್ ಸ್ಟೇಟ್ ಪಾರ್ಕ್ 1923ರಲ್ಲಿ ಶುರುವಾದದ್ದು. ಅದರೊಳಗೆ ಎಲ್ಕ್ ಪ್ರೇರಿ ಕ್ಯಾಂಪ್‌ಗ್ರೌಂಡ್ ಇದೆ. ಟೆಂಟ್ ಹಾಕಿ ತಂಗಲು ಒಟ್ಟು 75 ಜಾಗಗಳು. ಪ್ರತಿ ಜಾಗಕ್ಕೂ ಒಂದು ಮರದ ಮೇಜು, ಒಂದು ಬೆಂಕಿಗುಂಡಿ, ಕರಡಿಗೆ ತೆರೆಯಲು ಬಾರದ ಒಂದು ಕಬ್ಬಿಣದ ಪೆಟ್ಟಿಗೆ. ಒಂದು ಕಡೆ ಹುಲ್ಲುಗಾವಲು, ಇನ್ನೊಂದು ಕಡೆ ತೊರೆ, ಸುತ್ತ ರೆಡ್‌ವುಡ್ ಮರಗಳು. ನಾನು ಹುಟ್ಟಿದ್ದು ತೀರ್ಥಹಳ್ಳಿ ಕಡೆ. ದೊಡ್ಡ ಮರ, ಮಂಜು, ಜಿಗಣೆ ಎಲ್ಲ ಕಂಡವಳೇ. ಆದರೂ ಮೊದಲ ದಿನ ತಲೆ ಎತ್ತಿ ತುದಿ ಹುಡುಕಿ ಹುಡುಕಿ ಕತ್ತು ನೋವು ಬಂತು.

ಕೆಲಸ ಸುಲಭವಾಗಿ ಹೇಳಬಹುದು. ನಾವಿಬ್ಬರೂ ಕ್ಯಾಂಪ್ ಹೋಸ್ಟ್‌ಗಳು. ವಾರಕ್ಕೆ ಒಬ್ಬೊಬ್ಬರು 20 ಗಂಟೆ. ಸಂಬಳವಿಲ್ಲ, ಟ್ರೇಲರ್ ನಿಲ್ಲಿಸುವ ಜಾಗ, ಕರೆಂಟು, ನೀರು ಉಚಿತ. ಬಂದವರಿಗೆ ದಾರಿ ತೋರಿಸಬೇಕು, ಸೌದೆ ಮಾರಬೇಕು, ಖಾಲಿಯಾದ ಜಾಗದ ಬೂದಿ ತೆಗೆಯಬೇಕು, ರಾತ್ರಿ ಹತ್ತಾದ ಮೇಲೆ ಗಲಾಟೆ ಮಾಡುವವರಿಗೆ ಮೆಲ್ಲಗೆ ಹೇಳಬೇಕು. ದಂಡ ಹಾಕುವ ಅಧಿಕಾರ ನಮಗಿಲ್ಲ, ಅದು ರೇಂಜರ್‌ಗಳ ಕೆಲಸ. ನಮ್ಮ ಹತ್ತಿರ ಇರುವುದು ಬಾಯಿಮಾತು ಮಾತ್ರ.

ಮೇ, ಮೂರನೇ ವಾರ

ಟ್ರೇಲರ್ ಮನೆಯ ಲೆಕ್ಕಾಚಾರ ಈಗ ಕೈಗೆ ಹತ್ತಿದೆ. ನಮ್ಮ ಕರೆಂಟ್ ಲೈನ್ 30 ಆಂಪಿಯರಿನದು, 120 ವೋಲ್ಟ್. ಅಂದರೆ ಒಟ್ಟು 3,600 ವ್ಯಾಟ್. ಹೀಟರ್ 1,500, ಇಂಡಕ್ಷನ್ ಒಲೆ 1,800. ಎರಡೂ ಹಾಕಿದ ಮೇಲೆ ಬಿಸಿನೀರಿನ ಬಾಯ್ಲರ್ ಶುರುವಾಯಿತೋ, ಬ್ರೇಕರ್ ಬಿತ್ತು. ಮೊದಲ ವಾರ ಮೂರು ಸಲ ಹೀಗಾಯಿತು. ಈಗ ಬೆಳಗ್ಗೆ ಸ್ನಾನ ಮುಗಿಯುವವರೆಗೆ ಒಲೆ ಮುಟ್ಟುವುದಿಲ್ಲ. ಬಾಯ್ಲರ್ ಆರಿಸಿ ಆಮೇಲೆ ತಿಂಡಿ.

ಟ್ಯಾಂಕಿನ ವಿಷಯ ಹೊಸಬರು ಬಹಳ ಕೇಳುತ್ತಾರೆ, ಅದಕ್ಕೆ ಬರೆಯುತ್ತೇನೆ. ಕಕ್ಕಸಿನ ಟ್ಯಾಂಕಿನ ವಾಲ್ವ್ ಯಾವಾಗಲೂ ಮುಚ್ಚಿರಬೇಕು. ಚರಂಡಿ ಪೈಪು ಜೋಡಿಸಿಯೇ ಇದೆಯಲ್ಲ ಅಂತ ತೆರೆದಿಟ್ಟರೆ ನೀರು ಹರಿದುಹೋಗಿ ಗಟ್ಟಿ ಭಾಗ ಮಾತ್ರ ಒಳಗೆ ಗುಡ್ಡೆಯಾಗುತ್ತದೆ. ಮುಕ್ಕಾಲು ತುಂಬಿದ ಮೇಲೆ ಒಮ್ಮೆಲೇ ಬಿಡಬೇಕು. ಮೊದಲು ಅದು, ಆಮೇಲೆ ಸ್ನಾನ ಮತ್ತು ಪಾತ್ರೆ ತೊಳೆದ ನೀರಿನ ಟ್ಯಾಂಕು. ಆಗ ಆ ನೀರೇ ಪೈಪನ್ನು ತೊಳೆದುಕೊಂಡು ಹೋಗುತ್ತದೆ.

ದೋಸೆ ಹಿಟ್ಟು ಎರಡು ವಾರ ಹುಳಿ ಬರಲಿಲ್ಲ. ಇಲ್ಲಿ ಬೇಸಿಗೆಯಲ್ಲೂ ಸಮುದ್ರದ ಮಂಜು ಒಳಗೆ ನುಗ್ಗುತ್ತದೆ, ರಾತ್ರಿ ಚಳಿ. ಕೊನೆಗೆ ಮಂಚದ ಕೆಳಗೆ, ಬಾಯ್ಲರ್ ಪಕ್ಕದ ಸಣ್ಣ ಕಪಾಟಿನಲ್ಲಿಟ್ಟೆ. ಮರುದಿನ ಬೆಳಗ್ಗೆ ಹಿಟ್ಟು ಪಾತ್ರೆಯ ಮುಚ್ಚಳ ಎತ್ತಿತ್ತು. ಅವತ್ತು ಕಾವಲಿ ಹೊರಗಿಟ್ಟು ದೋಸೆ ಹೊಯ್ದೆವು.

ಆಗಲೇ ಆ ಹಕ್ಕಿ ಮೊದಲ ಸಲ ಮೇಜಿಗೆ ಬಂದು ಕೂತಿದ್ದು. ನೀಲಿ ಮೈ, ಕಪ್ಪು ತಲೆ, ಮೇಲೊಂದು ಜುಟ್ಟು. ಸ್ಟೆಲ್ಲರ್ಸ್ ಜೇ. ಕಾಗೆಯ ಕುಟುಂಬದ್ದೇ. ನೋಡಲು ಅಷ್ಟು ಚಂದ. ಕೈಯಲ್ಲಿದ್ದ ದೋಸೆ ಚೂರು ಎಸೆಯಬೇಕು ಅನ್ನಿಸಿತು. ಎಸೆಯಲಿಲ್ಲ. ಈ ದಿನಚರಿಯನ್ನು ಬಿಡದೆ ಬರೆಯುತ್ತಿರುವುದೇ ಆ ಚೂರಿನ ಕಾರಣಕ್ಕೆ.

ಜೂನ್, ಮೊದಲ ವಾರ

ತರಬೇತಿಯಲ್ಲಿ ಹೇಳಿದ್ದನ್ನು ಪೂರ್ತಿ ಬರೆದಿಡುತ್ತೇನೆ.

ಮಾರ್ಬಲ್ಡ್ ಮರ್ಲೆಟ್ ಅಂತ ಒಂದು ಕಡಲ ಹಕ್ಕಿ ಇದೆ. ಮೀನು ಹಿಡಿಯುವುದು ಸಮುದ್ರದಲ್ಲಿ, ಮೊಟ್ಟೆ ಇಡುವುದು ಇಲ್ಲಿ, ಹಳೇ ಮರಗಳ ದಪ್ಪ ಕೊಂಬೆಯ ಮೇಲೆ. ಗೂಡು ಕಟ್ಟುವುದಿಲ್ಲ. ಪಾಚಿಯಲ್ಲಿ ಒಂದು ಸಣ್ಣ ಗುಳಿ, ಅದರಲ್ಲಿ ಒಂದೇ ಒಂದು ಮೊಟ್ಟೆ. ಗಂಡು ಒಂದು ದಿನ, ಹೆಣ್ಣು ಒಂದು ದಿನ ಕಾವಿಗೆ ಕೂರುತ್ತವೆ. ನಸುಕಿನಲ್ಲಿ ಪಾಳಿ ಬದಲು. ಮರಿಯಾದರೆ ಸಮುದ್ರದಿಂದ ಮೀನು ತಂದು ಕೊಡುತ್ತವೆ, ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಮೀನು. ಇಷ್ಟು ಗುಟ್ಟಾಗಿ ಬದುಕುವ ಹಕ್ಕಿ ಎಲ್ಲಿ ಮರಿ ಮಾಡುತ್ತದೆ ಅನ್ನುವುದೇ ಕ್ಯಾಲಿಫೋರ್ನಿಯಾದಲ್ಲಿ 1974ರವರೆಗೆ ಯಾರಿಗೂ ಗೊತ್ತಿರಲಿಲ್ಲ. ಆ ವರ್ಷ ಬಿಗ್ ಬೇಸಿನ್ ಪಾರ್ಕಿನಲ್ಲಿ ಮರ ಸವರಲು ಹತ್ತಿದ ಕೆಲಸಗಾರರೊಬ್ಬರಿಗೆ ಡಗ್ಲಸ್ ಫರ್ ಮರದ ಮೇಲೆ, ಸುಮಾರು 45 ಮೀಟರ್ ಎತ್ತರದಲ್ಲಿ, ಮರಿ ಸಿಕ್ಕಿತು. 1992ರಲ್ಲಿ ಇದನ್ನು ಅಪಾಯದಲ್ಲಿರುವ ಹಕ್ಕಿಗಳ ಪಟ್ಟಿಗೆ ಸೇರಿಸಿದರು. ಹಳೇ ರೆಡ್‌ವುಡ್ ಕಾಡಿನಲ್ಲಿ ಉಳಿದಿರುವುದು ಶೇಕಡಾ 5ರಷ್ಟು. ಅಷ್ಟು ದಪ್ಪದ ಕೊಂಬೆ ಎಳೇ ಮರಕ್ಕೆ ಎಲ್ಲಿಂದ ಬರಬೇಕು?

ಉಳಿದ ಕಾಡಿನೊಳಗೇ ನಾವು ಕ್ಯಾಂಪ್ ಮಾಡುತ್ತೇವೆ. ಚಿಪ್ಸ್, ಬ್ರೆಡ್ಡು, ಅನ್ನ ಬೀಳುತ್ತದೆ. ಅದಕ್ಕೆ ಜೇ ಬರುತ್ತದೆ, ಕಾಡುಕಾಗೆ ಬರುತ್ತದೆ. ಬಿಟ್ಟಿ ಊಟ ಸಿಗುವಲ್ಲಿ ಅವುಗಳ ಸಂಖ್ಯೆ ಜಾಸ್ತಿಯಾಗುತ್ತದೆ. ಸುತ್ತಲಿನ ಮರಗಳನ್ನು ತಡಕುತ್ತವೆ. ಆ ಒಂದೇ ಮೊಟ್ಟೆ ಸಿಕ್ಕಿದರೆ ತಿನ್ನುತ್ತವೆ. ಹಂಬೋಲ್ಟ್ ವಿಶ್ವವಿದ್ಯಾಲಯದ ಸಂಶೋಧಕರು ಕೋಳಿಮೊಟ್ಟೆಗೆ ಮರ್ಲೆಟ್ ಮೊಟ್ಟೆಯ ಬಣ್ಣ ಬಳಿದು, ಒಳಗೆ ವಾಂತಿ ಬರಿಸುವ ಔಷಧಿ ಹಾಕಿ ಮರಗಳ ಮೇಲೆ ಇಟ್ಟಿದ್ದರು. ಒಮ್ಮೆ ತಿಂದ ಜೇ ಮತ್ತೆ ಆ ಬಣ್ಣದ ಮೊಟ್ಟೆ ಮುಟ್ಟದಿರಲಿ ಅಂತ. ಎಂಥ ತಾಳ್ಮೆ! ಅವರು ಅಷ್ಟು ಮಾಡಿರುವಾಗ ನಾವು ಮೇಜು ಒರೆಸುವುದು ದೊಡ್ಡ ಮಾತಲ್ಲ, ಅಲ್ವಾ?

ಅವತ್ತಿನಿಂದ ಪ್ರತಿ ಶನಿವಾರ ಸಂಜೆ ಒಂದು ಸುತ್ತು ಹಾಕಿ ಎಣಿಸುತ್ತಿದ್ದೇನೆ. ಜನ ಇಲ್ಲದ ಮೇಜಿನ ಮೇಲೆ ಅಥವಾ ಅದರ ಕೆಳಗೆ ತಿನ್ನುವ ವಸ್ತು ಇದ್ದರೆ ಪುಸ್ತಕದಲ್ಲಿ ಒಂದು ಗೀಟು. ಮೊದಲ ಶನಿವಾರ 75ರಲ್ಲಿ 31.

ಜೂನ್, ಮೂರನೇ ವಾರ

27. ಹೆಚ್ಚು ಇಳಿಯಲಿಲ್ಲ. ರಾತ್ರಿ ಊಟ ಆದ ಮೇಲೆ ಹೋಗಿ ಹೇಳಿದರೆ ಜನರಿಗೆ ಬೈದ ಹಾಗೆ ಕೇಳಿಸುತ್ತದೆ. ಅದಕ್ಕೆ ಕ್ರಮ ಬದಲಿಸಿದೆ. ಬಂದಕೂಡಲೇ, ಟೆಂಟ್ ಹಾಕುವ ಮೊದಲೇ, ಹಕ್ಕಿಯ ಕತೆ ಹೇಳುತ್ತೇನೆ. ಒಂದೇ ಮೊಟ್ಟೆ ಅಂದಾಗ ಮಕ್ಕಳು ಕಿವಿ ನಿಮಿರಿಸುತ್ತಾರೆ. ಮೇಜಿನ ಕೆಳಗಿನ ಚೂರು ಹೆಕ್ಕುವ ಕೆಲಸ ಮಕ್ಕಳಿಗೆ ಒಪ್ಪಿಸುತ್ತೇನೆ. ದೊಡ್ಡವರು ಮರೆತರೂ ಅವರು ಮರೆಯುವುದಿಲ್ಲ.

ನಮ್ಮ ಕಡೆಯವರಿಗೆ ಇನ್ನೊಂದು ಮಾತು ಸೇರಿಸುತ್ತೇನೆ: ಅನ್ನದ ಪಾತ್ರೆ ತೊಳೆದ ನೀರನ್ನು ಗಿಡದ ಬುಡಕ್ಕೆ ಚೆಲ್ಲಬೇಡಿ. ಊರಲ್ಲಿ ಅದು ಒಳ್ಳೇ ಅಭ್ಯಾಸ. ಇಲ್ಲಿ ಅದೇ ಅಗುಳು ಜೇಗೆ ಊಟ.

ಇದೇ ವಾರ ಎಲ್ಕ್ ಅನ್ನುವ ದೊಡ್ಡ ಜಿಂಕೆಗಳ ಹಿಂಡು ಹುಲ್ಲುಗಾವಲಿಂದ ನೇರ ಒಳಗೆ ಬಂತು. ಮರಿಗಳ ಜೊತೆ. 25 ಗಜ ದೂರ ನಿಲ್ಲಿ ಅಂತ ಹೇಳುತ್ತಾ ಒಂದು ಗಂಟೆ ಕಳೆಯಿತು.

ಜುಲೈ, ಮೊದಲ ವಾರ

ಎಲ್ಲ ಜಾಗವೂ ಭರ್ತಿ. ಸೌದೆ ಕಟ್ಟು ಉಳಿಯುತ್ತಿಲ್ಲ. ಮನೆಯಿಂದ ಸೌದೆ ತಂದವರಿಗೆ ಬೇಡ ಅಂತ ಹೇಳುವುದು ಕಷ್ಟ. ಆದರೆ ಸೌದೆಯೊಳಗೆ ಮರ ಕೊರೆಯುವ ಹುಳ ಬರುತ್ತದೆ. 2002ರಲ್ಲಿ ಡೆಟ್ರಾಯಿಟ್ ಹತ್ತಿರ ಸಿಕ್ಕಿದ ಎಮರಾಲ್ಡ್ ಆಶ್ ಬೋರರ್ ಅನ್ನುವ ಅಂಥ ಹುಳ ಇಪ್ಪತ್ತು ವರ್ಷದಲ್ಲಿ ಪಕ್ಕದ ಆರೆಗಾನ್‌ವರೆಗೆ ಬಂದಿದೆ.

ಮಂಗಳವಾರ ನಡೆದದ್ದು ಬರೆಯಲೇಬೇಕು.

ಸ್ಯಾನ್ ಫ್ರಾನ್ಸಿಸ್ಕೋ ಬೇ ಏರಿಯಾದಿಂದ ಒಂದು ಕನ್ನಡ ಕುಟುಂಬ ಬಂದಿತ್ತು. ಗಂಡ, ಹೆಂಡತಿ, ಎರಡು ಮಕ್ಕಳು, ಹಾಸನದಿಂದ ಬಂದ ಅಜ್ಜ. ಮಧ್ಯಾಹ್ನ ಸುತ್ತಿಗೆ ಹೋದಾಗ ಅಜ್ಜ ಒಂದು ಕಡಿದ ಮರದ ಬುಡದ ಮೇಲೆ ಎಲೆ ಹಾಸಿ ಅನ್ನ ಇಡುತ್ತಿದ್ದರು. ಮೇಲೆ ತುಪ್ಪ. ಕೊಂಬೆಯಲ್ಲಿ ಎರಡು ಜೇ ಆಗಲೇ ಕಾಯುತ್ತಿದ್ದವು.

"ಅಪ್ಪಾಜಿ, ಯಾರಿಗೆ ಇಡ್ತಾ ಇದ್ದೀರಿ?" ಅಂತ ಕೇಳಿದೆ.

"ನಮ್ಮನೆಯವಳಿಗೆ ಕಣಮ್ಮಾ. ಹೋಗಿ ಎರಡು ವರ್ಷ ಆಯ್ತು. ಊರಲ್ಲಿ ದಿನಾ ಕಾಗೆಗೆ ಇಟ್ಟೇ ನಾನು ಉಣ್ಣೋದು. ಇದೂ ಕಾಗೆ ಜಾತಿನೇ ಅಂತ ಮೊಮ್ಮಗ ಹೇಳ್ದ."

ನನಗೆ ಮಾತೇ ಹೊರಡಲಿಲ್ಲ. ನನ್ನ ಅಮ್ಮನೂ ಹಿತ್ತಲಿನ ತುಳಸಿಕಟ್ಟೆ ಪಕ್ಕ ಹೀಗೇ ಇಡುತ್ತಿದ್ದಳು. ಕಾಗೆ ಮುಟ್ಟುವವರೆಗೆ ನಾವು ಬಾಗಿಲಲ್ಲಿ ನಿಂತಿರುತ್ತಿದ್ದೆವು. ಈ ಕೆಲಸ ಬೇಡವಾಗಿತ್ತು ಅಂತ ಆ ಒಂದು ಕ್ಷಣ ಅನ್ನಿಸಿತು. ಆದರೂ ಅವರ ಪಕ್ಕ ಕೂತು ಎಲ್ಲ ಹೇಳಿದೆ. ಸಮುದ್ರ, ಪಾಚಿ, ಗಂಡು ಹೆಣ್ಣಿನ ಪಾಳಿ, ಒಂದೇ ಮೊಟ್ಟೆ.

ಅವರು ಸುಮ್ಮನೆ ಕೇಳಿದರು. ಆಮೇಲೆ ಅಂದರು: "ಹಾಗಾದ್ರೆ ಬೇಡಮ್ಮ. ಇನ್ನೊಬ್ಬರ ಕೂಸಿಗೆ ಕೇಡು ಮಾಡಿ ನಮ್ಮವಳಿಗೆ ಅನ್ನ ಇಡೋದಾ? ಅವಳೇ ಒಪ್ಪಲ್ಲ."

ಎಲೆ ಎತ್ತಿದರು. ಪಕ್ಕಕ್ಕೆ ಬಿದ್ದಿದ್ದ ಅಗುಳುಗಳನ್ನು ಒಂದೊಂದಾಗಿ ಹೆಕ್ಕಿದರು. ಆ ತುತ್ತನ್ನು ಅಲ್ಲೇ ಕೂತು ತಾವೇ ಉಂಡರು. ಸಂಜೆ ನನ್ನ ಸುತ್ತಿಗೆ ಕೋಲು ಹಿಡಿದು ಜೊತೆಗೆ ಬಂದರು. ಇಂಗ್ಲಿಷ್ ಬರುವುದಿಲ್ಲ. ಮೇಜಿನ ಕೆಳಗೆ ಬ್ರೆಡ್ ಕಂಡರೆ ಕೋಲಿನಿಂದ ತೋರಿಸಿ, ಮೇಲೆ ಮರದ ಕಡೆ ಬೆರಳು ಮಾಡಿ, ಒಂದು ಅಂತ ತೋರಿಸುತ್ತಿದ್ದರು. ಜನರಿಗೆ ಅರ್ಥವಾಗುತ್ತಿತ್ತು!

ಆ ಶನಿವಾರ 14.

ಜುಲೈ, ಎರಡನೇ ವಾರ

ಟ್ರೇಲರ್ ಕಿಟಕಿಗಳ ಒಳಗೆ ನೀರು ಇಳಿಯುತ್ತಿತ್ತು. ಹಾಸಿಗೆ ಕೆಳಗೆ ಬೂಷ್ಟು. ಈಗ ಅಡುಗೆ ಮಾಡುವಾಗ ಮೇಲಿನ ಗವಾಕ್ಷಿ ತೆರೆದಿಟ್ಟು ಫ್ಯಾನ್ ಹಾಕುತ್ತೇವೆ. ಹಾಸಿಗೆ ಅಡಿಗೆ ಗಾಳಿ ಆಡುವಂತೆ ಮರದ ಪಟ್ಟಿ ಹೊಡೆದೆವು. ಒಂದು ವಾರದಿಂದ ಒಣಗಿದೆ.

ಮರ್ಲೆಟ್ ಕೇಳಬೇಕಾದರೆ ಸೂರ್ಯ ಹುಟ್ಟುವ ಮುಕ್ಕಾಲು ಗಂಟೆ ಮೊದಲೇ ಹೊರಗಿರಬೇಕು. ಒಂದು ತಿಂಗಳಿಂದ ವಾರಕ್ಕೆ ಎರಡು ಸಲ ಏಳುತ್ತಿದ್ದೆ. ಮಂಜು ಎಲೆಗಳಿಂದ ತೊಟ್ಟಿಕ್ಕುವ ಸದ್ದು ಬಿಟ್ಟರೆ ಏನೂ ಇರಲಿಲ್ಲ. ನಿನ್ನೆ ಐದೂಕಾಲಕ್ಕೆ, ಹುಲ್ಲುಗಾವಲಿನ ಅಂಚಿನಲ್ಲಿ, ತಲೆಯ ಮೇಲೆ ಎಲ್ಲೋ "ಕೀರ್, ಕೀರ್" ಅಂತ ಕೇಳಿತು. ಮತ್ತೆ ಇನ್ನೊಂದು ಸಲ, ಈ ಸಲ ಕಾಡಿನ ಒಳಗಿಂದ. ಕಣ್ಣಿಗೆ ಏನೂ ಕಾಣಲಿಲ್ಲ. ಬರೀ ಮಂಜು. ನಾನು ಅಲ್ಲೇ ಒದ್ದೆ ಹುಲ್ಲಿನಲ್ಲಿ ಬೆಳಕಾಗುವವರೆಗೆ ನಿಂತಿದ್ದೆ.

ಹಾಸನದ ಅಜ್ಜನಿಗೆ ಹೇಳಬೇಕು. ಇಲ್ಲಿ ಫೋನ್ ಸಿಗ್ನಲ್ ಇಲ್ಲ, ಸಾಮಾನು ತರಲು ಪೇಟೆಗೆ ಹೋದಾಗ ಅವರ ಮಗನಿಗೆ ಸಂದೇಶ ಕಳಿಸುತ್ತೇನೆ. ನಮ್ಮನೆಯವರಿಗೆ ಇನ್ನೂ ಆ ಕೂಗು ಕೇಳಿಸಿಲ್ಲ. ನಾಳೆಗೆ ಅಲಾರಂ 4:45ಕ್ಕೆ ಇಟ್ಟಿದ್ದಾರೆ.